ಹೊಯಿಗೆ ನೆಲದಲ್ಲಿ ಹೊನ್ನೆಯ ಗಿಡ

ನಮ್ಮ ಶಾಲೆಯ ಅಂಗಳವು ಕಡಲಿಗೆ ಸಮೀಪವಾದ ಹೊಯಿಗೆ ನೆಲವೆಂಬುದನ್ನೂ ಬಾವಿಯ ಬಳಿಯ ಒಂದೇ ಹಳೆಯ ಹೊನ್ನೆಯ ನೆರಳಲ್ಲಿ ಎಲ್ಲರೂ ಒತ್ತಿಕೊಂಡು ಕುಳಿತು ಬುತ್ತಿ ಉಂಡುದನ್ನೂ ಇಲ್ಲಿ ಕಲಿತು ಹೋದವರು ಮರೆತಿರಲಾರರು. ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿಯುವ ಮಳೆಯು ಈ ನೆಲದಲ್ಲಿ ನಿಲ್ಲದೆ ಇಂಗಿಹೋಗುವುದು. ಬೇಸಗೆಯಲ್ಲಾದರೋ ಬರಿಗಾಲಿಡಲಾಗದಷ್ಟು ಹೊಯಿಗೆ ಕಾಯುವುದು. ಇಂಥ ಸ್ಥಳದಲ್ಲಿ ನೆರಳಿನ ಮರವನ್ನು ಬೆಳೆಸುವುದು ಹೇಗೆಂದು ಹೆತ್ತವರು ಕೆಲವರು ನಮ್ಮನ್ನು ಕೇಳಿದ್ದುಂಟು.

ನಾವು ಹೇಳುವ ಹೊನ್ನೆಯು ಘಟ್ಟದ ಕಾಡಿನಲ್ಲಿ ಎಲೆಯುದುರಿಸಿ ನಿಲ್ಲುವ ಬೇಂಗದ ಮರವಲ್ಲ. ಇದು ಸಂಸ್ಕೃತದಲ್ಲಿ ಪುನ್ನಾಗವೆನಿಸಿಕೊಂಡ, ವರುಷವೆಲ್ಲ ಹಸುರಾಗಿರುವ, ಕಡಲತೀರದ ಸುರಹೊನ್ನೆ. 1753ರಲ್ಲಿ ಲಿನೇಯಸ್ ಎಂಬ ಶಾಸ್ತ್ರಜ್ಞನು ಇದಕ್ಕಿಟ್ಟ ಕ್ಯಾಲೊಫಿಲಮ್ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಚೆಲುವಾದ ಎಲೆಯೆಂದರ್ಥ. ಆ ಎಲೆಯು ದಪ್ಪವಾಗಿಯೂ ಮೆರುಗುಳ್ಳದ್ದಾಗಿಯೂ ಇರುವುದರಿಂದ ಉಪ್ಪುಗಾಳಿಯನ್ನು ತಾಳಬಲ್ಲದು. ಒಳ್ಳೆಯ ನೆಲದಲ್ಲಿ ಎತ್ತರವಾಗುವ ಮರವು ಗಾಳಿ ಹೊಡೆಯುವ ದಂಡೆಯಲ್ಲಿ ಗಿಡ್ಡವಾಗಿ ಹರಡಿಕೊಳ್ಳುವುದು. ಚಿಮಿಣಿ ಎಣ್ಣೆ ಬರುವುದಕ್ಕೆ ಮುಂಚೆ ಇದರ ಬೀಜದ ಎಣ್ಣೆಯಿಂದಲೇ ಈ ಕರೆಯ ಎಷ್ಟೋ ಮನೆಗಳಲ್ಲಿ ದೀಪ ಉರಿಯುತ್ತಿತ್ತು.

ಮೊದಲನೆಯ ಸಲ ನಾವು ಇಪ್ಪತ್ತು ಗಿಡಗಳನ್ನು ನೆಟ್ಟು ಹದಿನೇಳನ್ನು ಕಳಕೊಂಡೆವು. ಗುಂಡಿಗಳಿಗೆ ಕೆಂಪುಮಣ್ಣನ್ನೂ ಹಟ್ಟಿಗೊಬ್ಬರವನ್ನೂ ತುಂಬಿಸಿ, ಹುಡುಗಿಯರು ದಿನಾಲು ಸಾಯಂಕಾಲ ಒಂದೊಂದು ತಂಬಿಗೆ ನೀರೆರೆದರು. ಏಪ್ರಿಲಿನಲ್ಲಿ ಶಾಲೆಗೆ ರಜೆ ಬಂತು. ಜೂನಿನಲ್ಲಿ ಬಂದು ನೋಡುವಾಗ ಒಣಗಿದ ಕಡ್ಡಿಗಳಿದ್ದವು. ನಾವು ಊರ ದನಗಳ ಮೇಲೆ ತಪ್ಪು ಹೊರಿಸಿದೆವು. ಆದರೆ ಕಿತ್ತು ನೋಡಲಾಗಿ ಬೇರುಗಳೆಲ್ಲ ಮೇಲಿನ ಗೇಣುದ್ದ ಮಣ್ಣಿನಲ್ಲೇ ಸುತ್ತಿಕೊಂಡಿದ್ದವು. ಯಾಕಂದರೆ ಗೊಬ್ಬರವೂ ನೀರೂ ಮೇಲೆಯೇ ಸಿಕ್ಕುತ್ತಿರುವಾಗ ಬೇರು ಕೆಳಗಿಳಿಯುವ ಅಗತ್ಯವೇನಿತ್ತು? ನೀರು ನಿಂತೊಡನೆ ಮೇಲಿನ ಪದರವೇ ಮೊದಲು ಒಣಗಿತು.

ಎರಡನೆಯ ಸಲ ಬೀಜದಿಂದಲೇ ಆರಂಭಿಸಿದೆವು. ಹೊನ್ನೆಯ ಕಾಯಿಯೊಳಗೆ ಗಟ್ಟಿಯಾದ ಚಿಪ್ಪಿರುವುದು. ಚಿಪ್ಪಿನ ಸಂಗಡ ಬಿತ್ತಿದರೆ ಮೊಳಕೆಗೆ ಸುಮಾರು ಎರಡು ತಿಂಗಳು ಬೇಕು. ತಿರುಳಿಗೆ ಪೆಟ್ಟಾಗದಂತೆ ಒಡೆದು ಚಿಪ್ಪನ್ನು ತೆಗೆದರೆ ಸುಮಾರು ಮೂರು ವಾರ ಸಾಕು. ಸಸಿಯನ್ನು ಗಿಡ್ಡ ಚಟ್ಟಿಯಲ್ಲಿಡದೆ, ಬೇರು ನೆಟ್ಟಗಿಳಿಯುವಂತೆ ಉದ್ದವಾದ ಚೀಲದಲ್ಲಿ ಒಂದು ವರುಷ ಬೆಳೆಸಿ, ಮೊದಲ ಮಳೆ ಬಿದ್ದು ನೆಲ ತಣಿದ ಕೂಡಲೇ ನೆಡತಕ್ಕದ್ದು. ಮಳೆಗಾಲದ ಕೊನೆಯಲ್ಲಿ ನೆಟ್ಟರೆ ಬೇರೂರುವ ಮೊದಲೇ ಬಿಸಿಲು ಬರುವುದು. ಗುಂಡಿಯ ಅಡಿಯಲ್ಲಿ ತೆಂಗಿನ ಸಿಪ್ಪೆಗಳನ್ನು ಒಳಮೈ ಮೇಲಾಗಿ ಹರಡಬೇಕು. ಅವು ನೀರನ್ನು ಹೀರಿ ಹಿಡಿದಿಡುವುವು. ಅವುಗಳ ಮೇಲೆ ಅದೇ ಹೊಯಿಗೆ, ಕೊಳೆತ ಎಲೆ ಸ್ವಲ್ಪ. ಗಿಡದಿಂದ ಒಂದು ಮೊಳ ದೂರ ಸಾದಾ ಮಣ್ಣಿನ ಮಡಿಕೆಯನ್ನು ಕುತ್ತಿಗೆಯ ತನಕ ಹೂಳಿ, ನೀರು ತುಂಬಿಸಿ ಮುಚ್ಚಿಡಬೇಕು. ನೀರು ಮಡಿಕೆಯ ಮೈಯಿಂದ ಒಸರುತ್ತಾ ಆಳದಲ್ಲಿ ಬೇರಿಗೆ ಮುಟ್ಟುವುದು. ಬುಡಕ್ಕೆ ತರಗೆಲೆಯ ಹೊದಿಕೆ, ಸುತ್ತಲೂ ಬೇಲಿ.

ಇನ್ನುಳಿದದ್ದು ರಜೆಯ ಪ್ರಶ್ನೆ. ಮಡಿಕೆಗಳನ್ನು ವಾರಕ್ಕೆರಡು ಸಲ ತುಂಬಿಸಲು ಹತ್ತಿರದ ಹುಡುಗಿಯರು ಸರದಿಯಂತೆ ಬರಬೇಕೆಂದು ಗೊತ್ತುಮಾಡಿದೆವು. ಮಗಳನ್ನು ಓದುವುದಕ್ಕೆ ಕಳುಹಿಸಿದ್ದೇವೆ, ನೀರು ಹೊರುವುದಕ್ಕಲ್ಲವೆಂದು ತಂದೆಯೊಬ್ಬರು ಬಂದು ಹೇಳಿದರು. ಅವರ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳಲಿಲ್ಲ; ಆಕೆಯ ಹೆಸರನ್ನು ಪಟ್ಟಿಯಿಂದ ತೆಗೆದೆವು. ಆದರೂ ಆಕೆ ಒಂದು ದಿನವೂ ತಪ್ಪಿಸಲಿಲ್ಲ. ಮೇ ತಿಂಗಳಲ್ಲಿ ತಂದೆಯೇ ಕೊಡ ಹಿಡಿದು ಸಂಗಡ ಬಂದರು.

ಎರಡು ಬೇಸಗೆಗಳನ್ನು ದಾಟಿಸಿದ ಮೇಲೆ ನೀರು ನಿಲ್ಲಿಸಿದೆವು. ಈಗ ಹದಿನಾರು ಗಿಡಗಳು ನಿಂತಿವೆ. ಹೊನ್ನೆಯು ನಿಧಾನವಾಗಿ ಬೆಳೆಯುವ ಮರವಾದುದರಿಂದ ನೀರೆರೆದವರು ಅವುಗಳ ನೆರಳಲ್ಲಿ ಕುಳಿತು ಉಣ್ಣುವ ಮೊದಲೇ ಶಾಲೆ ಬಿಟ್ಟು ಹೋದರು.

ಬೀಜ ಬೇಕಾದವರು ಹಳೆಯ ಮರದಡಿಯಿಂದ ಆರಿಸಿಕೊಂಡು ಹೋಗಬಹುದು. ತಿರುಳು ತಿನ್ನತಕ್ಕದ್ದಲ್ಲ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಎತ್ತರದಲ್ಲಿಡಿರಿ.