ಸೂರ್ಯಕಾಂತಿಯ ಬೆನ್ನು

ಆಟಿ ತಿಂಗಳಿನಲ್ಲಿ ಸುಳ್ಯದ ಕಡೆಯವರಿಗೆ ಸೂರ್ಯನು ಪಂಚಾಂಗದಲ್ಲಿ ಮಾತ್ರ ಉದಯಿಸುತ್ತಾನೆ. ವರ್ಷಕ್ಕೆ 3500 ಮಿಲಿಮೀಟರನ್ನು ಮೀರಿ ಮಳೆ ಬೀಳುವ ಈ ತಾಲೂಕಿನಲ್ಲಿ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ಒಂದು ತಿಂಗಳೆಂದರೆ, ಒಗೆದ ಬಟ್ಟೆಯನ್ನು ಒಲೆಯ ಬದಿಯಲ್ಲಿ ಒಣಗಿಸುತ್ತ, ಅಡಿಕೆ ಮರದ ಬುಡದಲ್ಲಿ ಉದುರಿದ ಎಳೆಗಾಯಿಯನ್ನು ಹೆಕ್ಕಿ ಕೊಳೆರೋಗದ ಕುರುಹನ್ನು ಹುಡುಕುತ್ತ, ಎರಡನೆಯ ಸಲದ ಮದ್ದು ಬಿಡುವುದಕ್ಕೆ ಮಳೆಯು ಒಂದು ಹೊತ್ತಿನ ವಿರಾಮವನ್ನಾದರೂ ಕೊಟ್ಟೀತೇ ಎಂದು ಬಾನನ್ನು ನೋಡುತ್ತ ಕಳೆಯತಕ್ಕ ಕಾಲ. ಅಂತಹದೊಂದು ಸಂಜೆ ಮೊಮ್ಮಗಳು ಪಾಠಪುಸ್ತಕದ ಚಿತ್ರವೊಂದನ್ನು ನನ್ನ ಮುಂದೆ ಹಿಡಿದು, "ಅಜ್ಜಾ, ಇದು ನಿಜವಾಗಿ ಸೂರ್ಯ ಹೋದ ಕಡೆಗೆ ತಿರುಗ್ತದಾ?" ಎಂದು ಕೇಳಿದಳು. ಎಪ್ಪತ್ತು ಮಳೆಗಾಲಗಳನ್ನು ಕಂಡ ನನಗೆ ಅಡಿಕೆ, ತೆಂಗು, ಕಾಳುಮೆಣಸು, ಕೊಕ್ಕೋಗಳ ಸ್ವಭಾವವು ತಕ್ಕಮಟ್ಟಿಗೆ ಗೊತ್ತು. ಸೂರ್ಯಕಾಂತಿಯನ್ನಾದರೋ ನಾನು ಕಂಡದ್ದು ಶಾಲೆಯ ತೋಟದ ಮೂಲೆಯಲ್ಲಿ ಒಂದೆರಡನ್ನು, ಮತ್ತು ಅಂಗಡಿಯಲ್ಲಿ ಎಣ್ಣೆಯ ಪ್ಯಾಕೆಟ್ಟಿನ ಮೇಲೆ. ಉತ್ತರ ಹೇಳಲಾರದ ಅಜ್ಜನು ಪ್ರವಾಸ ಹೊರಡಿಸುವುದು ಸಹಜ.

ನಮ್ಮ ನಾಡಿನಲ್ಲಿ ಈ ಹೂವಿನ ಹೊಲಗಳನ್ನು ಕುಟುಂಬ ಸಮೇತ ಹೋಗಿ ನೋಡುವ ಪರಿಪಾಠವು ಎಲ್ಲಿಯಾದರೂ ಬೇರೂರಿದ್ದರೆ ಅದು ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯ ಸುತ್ತಿನಲ್ಲಿ. ಮೈಸೂರಿನಿಂದ ನಂಜನಗೂಡು, ಬೇಗೂರುಗಳನ್ನು ಹಾದು ಗುಂಡ್ಲುಪೇಟೆಗೆ ಬರುವ ಹೆದ್ದಾರಿಯು ಅಲ್ಲಿಂದ ಕವಲೊಡೆದು, ಒಂದು ಬಂಡೀಪುರದ ಕಾಡನ್ನು ದಾಟಿ ಉದಕಮಂಡಲಕ್ಕೂ, ಇನ್ನೊಂದು ವಯನಾಡಿನ ಮೂಲಕ ಕೋಳಿಕ್ಕೋಡಿಗೂ ಹೋಗುವುದರಿಂದ, ದಾರಿಹೋಕರಿಗೆ ಅಲ್ಲಿ ಬರಗಾಲವಿಲ್ಲ. ಭರಣಿ, ಕೃತ್ತಿಕೆ ಮಳೆಗಳ ಹದಕ್ಕೆ ಬಿತ್ತಿದ ಹೊಲಗಳು ಪುನರ್ವಸು, ಪುಷ್ಯ ಮಳೆಗಳ ವೇಳೆಗೆ, ಎಂದರೆ ಜುಲೈ ತಿಂಗಳಿನಲ್ಲಿ, ಅರಳಿ ನಿಲ್ಲುತ್ತವೆ. ತಡವಾಗಿ ಬಿತ್ತಿದವು ಆಗಸ್ಟಿಗೂ ಉಳಿಯುವುದುಂಟು. ನಮ್ಮಲ್ಲಿ ಆಟಿಯ ಕತ್ತಲೆ ಕವಿದಿರುವ ದಿನಗಳೇ ಅಲ್ಲಿಯ ಹೂವಿನ ದಿನಗಳು.

ಬೆಳಗಿನ ಜಾವ ನಾಲ್ಕು ಗಂಟೆಗೆ ಮಗ, ಸೊಸೆ, ಮೊಮ್ಮಗಳು, ನಾನು ಮತ್ತು ನನ್ನ ಸಹಧರ್ಮಿಣಿ, ಐವರೂ ಹೊರಟೆವು. ಗುಂಡ್ಲುಪೇಟೆಗೆ ಸುಮಾರು 230 ಕಿಲೋಮೀಟರು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಸಂಪಾಜೆ ಘಾಟಿಯ ರಸ್ತೆಯೇ ಮುಚ್ಚಿಹೋದಂದಿನಿಂದ, ಮಳೆಗಾಲದಲ್ಲಿ ಆ ತಿರುವುಗಳನ್ನು ಏರುವಾಗ ನನ್ನವಳು ಮಾತನ್ನು ನಿಲ್ಲಿಸಿಬಿಡುತ್ತಾಳೆ. ಮಡಿಕೇರಿಯ ಮಂಜಿನಲ್ಲಿ ಕಾಫಿ ಕುಡಿದ ಮೇಲೆಯೇ ಅದು ಮರಳಿ ಆರಂಭವಾದದ್ದು. ಮೈಸೂರನ್ನು ದಾಟಿ ನಂಜನಗೂಡಿನ ಸೇತುವೆಯನ್ನು ಕಳೆದೊಡನೆ ಬಾನು ಅಗಲವಾಯಿತು. ವರ್ಷಕ್ಕೆ 800 ಮಿಲಿಮೀಟರಿನ ಆಸುಪಾಸಿನಲ್ಲಿ ತೃಪ್ತಿಪಡಬೇಕಾದ ಈ ಸೀಮೆಯು ಘಟ್ಟದ ಮಳೆನೆರಳಿನಲ್ಲಿದೆ. ಮೋಡಗಳು ಬರುತ್ತವೆ, ನೆರಳು ಹಾಕುತ್ತವೆ, ಹೋಗುತ್ತವೆ.

ಬೇಗೂರನ್ನು ಸಮೀಪಿಸುತ್ತಿರುವಾಗ ಕಾರಿನೊಳಗೆ ಒಂದು ಸಣ್ಣ ವ್ಯಾಜ್ಯ ಹುಟ್ಟಿಕೊಂಡಿತು. ಬಲಗಡೆ ಕುಳಿತ ಮೊಮ್ಮಗಳು ಹೂವುಗಳನ್ನು ಕಂಡು ಕೂಗುತ್ತಿದ್ದರೆ, ಎಡಗಡೆ ಕುಳಿತ ಸೊಸೆಯು, "ಇಲ್ಲಿ ಬರಿಯ ಹಸುರು, ಹೂವೆಲ್ಲಿ?" ಎನ್ನುತ್ತಿದ್ದಳು. ಇಬ್ಬರ ಮಾತೂ ಸತ್ಯವಾಗಿತ್ತು. ಅರಳಿದ ಸೂರ್ಯಕಾಂತಿಯು ಪೂರ್ವಾಭಿಮುಖವಾಗಿ ನಿಲ್ಲುತ್ತದೆ. ರಸ್ತೆಯಾದರೋ ನೇರವಾಗಿ ದಕ್ಷಿಣಕ್ಕೆ ಹೋಗುತ್ತದೆ. ಆದುದರಿಂದ ರಸ್ತೆಯ ಪಶ್ಚಿಮಕ್ಕಿರುವ ಹೊಲಗಳು ದಾರಿಹೋಕನಿಗೆ ಮುಖ ಕೊಡುತ್ತವೆ, ಪೂರ್ವಕ್ಕಿರುವವು ಬೆನ್ನು ತೋರಿಸುತ್ತವೆ. ಮುಖ ಕೊಡುವ ಹೊಲಗಳ ಬದಿಯಲ್ಲಿ ಕೇರಳದ ನಂಬರಿನ ಕಾರುಗಳೂ ನಮ್ಮವೂ ಸಾಲುಗಟ್ಟಿದ್ದವು. ಬದುವಿನಲ್ಲಿ ಒಂದು ರಟ್ಟಿನ ಫಲಕ, ಅದರ ಮೇಲೆ ಒಬ್ಬರಿಗೆ 20 ರೂಪಾಯಿ ಎಂಬ ಬರಹ. ಇದನ್ನು ದುರಾಸೆಯೆಂದು ಹಳಿಯುವವರಿದ್ದಾರೆ. ಬಿತ್ತಿದವನ ಸಾಲುಗಳ ನಡುವೆ ದಿನವಿಡೀ ಪರಕೀಯರು ನುಗ್ಗಿ, ಗಿಡ ಬಾಗಿಸಿ, ಕೈಗೆ ಸಿಕ್ಕಿದ್ದನ್ನು ಕಿತ್ತುಕೊಂಡು ಹೋಗುವುದನ್ನು ಕಣ್ಣಾರೆ ಕಂಡ ಮೇಲೆ, 20 ರೂಪಾಯಿ ಕಡಿಮೆಯಾಯಿತೆಂದೇ ನನಗೆ ತೋರಿತು.

ಅಲ್ಲಿ ಗಾಡಿ ನಿಲ್ಲಿಸಲು ಸ್ಥಳ ಸಿಗದೆ ನಾವು ಎದುರಿನ, ಬೆನ್ನು ತೋರಿಸುವ ಹೊಲದ ಬದಿಯಲ್ಲಿ ಇಳಿದೆವು. ಅಲ್ಲಿ ಫಲಕವೂ ಇಲ್ಲ, ಜನವೂ ಇಲ್ಲ. ಬದುವಿನ ಮೇಲೆ ಕುಳಿತಿದ್ದ ನಡುವಯಸ್ಸಿನ ರೈತನು ಎದ್ದು ನಿಂತು ನಕ್ಕನು. "ಎದುರ್ಗಡೆಯೋರ್ಗ ಮೊಕ, ನಮ್ಗ ಬೆನ್ನು. ನಮ್ ತಾವ ಯಾರ್ ನಿಂತರು ಸಾ? ಒಳೀಕ್ ಬನ್ನಿ, ಗಿಡ ಮಾತ್ರ ಮುರಿಬ್ಯಾಡಿ" ಎಂದನು. ನಾವು ಸಾಲುಗಳ ನಡುವೆ ನಡೆದು, ಹೊಲದ ಆ ಕೊನೆಗೆ ಹೋಗಿ, ತಿರುಗಿ ನಿಂತೆವು. ಆಗ ಎಲ್ಲ ಹೂವುಗಳೂ ಏಕಕಾಲಕ್ಕೆ ನಮ್ಮನ್ನು ನೋಡಿದವು.

ನಾವು ಹೂವೆಂದು ಕರೆಯುವುದು ಹೂವುಗಳ ಒಂದು ಸಮೂಹ. ಅಂಚಿನ ಹಳದಿ ಎಸಳುಗಳು ಬೀಜ ಕಟ್ಟವು. ಅವುಗಳ ಕೆಲಸ ಕರೆಯುವುದಷ್ಟೇ. ನಡುವಿನ ಕಂದು ತಟ್ಟೆಯಲ್ಲಿ ಸಾವಿರಕ್ಕೆ ಕಡಿಮೆಯಿಲ್ಲದ ಪುಟ್ಟ ಹೂವುಗಳು ಸುರುಳಿ ಸುರುಳಿಯಾಗಿ ಒತ್ತಿಕೊಂಡಿರುತ್ತವೆ. ಎಣಿಸುವ ತಾಳ್ಮೆಯಿದ್ದವರಿಗೆ ಒಂದು ದಿಕ್ಕಿಗೆ 34 ಸುರುಳಿಗಳೂ ಇನ್ನೊಂದು ದಿಕ್ಕಿಗೆ 55 ಸುರುಳಿಗಳೂ ಸಿಗುವುದು ಸಾಮಾನ್ಯ. ಅವು ಹೊರಗಿನ ಸುತ್ತಿನಿಂದ ಒಳಗಿನ ಸುತ್ತಿಗೆ ದಿನಕ್ಕೆ ಕೆಲವು ಸಾಲುಗಳಂತೆ ಬಿರಿಯುತ್ತ, ಎಂಟು ಹತ್ತು ದಿನಗಳಲ್ಲಿ ಕೇಂದ್ರವನ್ನು ಮುಟ್ಟುತ್ತವೆ. ರೈತರು ಈ ಇಡೀ ರಚನೆಯನ್ನು ಹೂವೆನ್ನುವುದಿಲ್ಲ, ತೆನೆಯೆನ್ನುತ್ತಾರೆ.

ಮೊಮ್ಮಗಳ ಪ್ರಶ್ನೆಗೂ ಅಲ್ಲಿ ಉತ್ತರ ದೊರೆಯಿತು. ಅರಳಿದ ತೆನೆ ತಿರುಗುವುದಿಲ್ಲ. ತಿರುಗುವುದು ಎಳೆಯ ಗಿಡ. ಮೊಗ್ಗಿನ ಪ್ರಾಯದಲ್ಲಿ ಹಗಲು ಕಾಂಡದ ಪೂರ್ವಪಾರ್ಶ್ವವೂ ರಾತ್ರಿ ಪಶ್ಚಿಮಪಾರ್ಶ್ವವೂ ಹೆಚ್ಚು ಬೆಳೆಯುವುದರಿಂದ, ಗಿಡವು ಹಗಲು ಸೂರ್ಯನನ್ನು ಅನುಸರಿಸಿ, ಇರುಳು ಮತ್ತೆ ಮೂಡಣಕ್ಕೆ ಹೊರಳಿ ಕಾಯುತ್ತದೆ. ಬೆಳವಣಿಗೆ ನಿಂತಾಗ ಮೂಡಣದಲ್ಲಿಯೇ ಸ್ಥಿರವಾಗುತ್ತದೆ. ಇದರ ಪ್ರಯೋಜನವನ್ನು ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದರು: ಕುಂಡಗಳನ್ನು ಪಡುವಣಕ್ಕೆ ತಿರುಗಿಸಿಟ್ಟಾಗ ಆ ಹೂವುಗಳಿಗೆ ಬಂದ ಜೇನುನೊಣಗಳಿಗಿಂತ ಮೂಡಣಕ್ಕೆ ಮುಖವಿದ್ದ ಹೂವುಗಳಿಗೆ ಬಂದವು ಐದು ಪಟ್ಟು ಹೆಚ್ಚು. ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುವ ಹೂವು ಜೇನಿಗೆ ಪ್ರಿಯ.

ಜೇನಿನ ಮಾತು ಬಂದರೆ ಸುಳ್ಯದವನಿಗೆ ಕಿವಿ ನೆಟ್ಟಗಾಗುತ್ತದೆ. ನಮ್ಮ ಅಂಗಳದ ಅಂಚಿನಲ್ಲಿ ಇಂದಿಗೂ ನಾಲ್ಕು ತುಡುವೆ ಪೆಟ್ಟಿಗೆಗಳಿವೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗವು ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುಪಾಲು ನಾಶಮಾಡಿದಾಗ ನಮ್ಮ ಪೆಟ್ಟಿಗೆಗಳೂ ಬರಿದಾಗಿ, ಕೆಲವು ವರ್ಷ ಅವುಗಳಲ್ಲಿ ಕೋಳಿ ಮೊಟ್ಟೆ ಇಟ್ಟದ್ದುಂಟು. ಫೆಬ್ರವರಿ ಮಾರ್ಚಿನಲ್ಲಿ ರಬ್ಬರಿನ ಚಿಗುರಿನಿಂದ ಜೇನು ತುಂಬುವ ಈ ಹುಳುಗಳು ಮಳೆಗಾಲದಲ್ಲಿ ಉಪವಾಸ ಬೀಳುವುದರಿಂದ, ನಾವು ಸಕ್ಕರೆ ಪಾಕವನ್ನು ಕೊಟ್ಟು ಅವನ್ನು ಉಳಿಸಿಕೊಳ್ಳಬೇಕು. ನಮ್ಮ ತುಡುವೆಗಳು ಪಾಕ ನೆಕ್ಕುತ್ತಿರುವ ಅದೇ ದಿನಗಳಲ್ಲಿ, ಗುಂಡ್ಲುಪೇಟೆಯ ಆ ಹೊಲದಲ್ಲಿ ಹೆಜ್ಜೇನುಗಳು ಮೈಯೆಲ್ಲ ಹಳದಿ ಪರಾಗವನ್ನು ಬಳಿದುಕೊಂಡು, ಒಂದೊಂದು ತೆನೆಯ ಮೇಲೆ ಮೂರು ನಾಲ್ಕರಂತೆ, ಸುರುಳಿಯ ಮೇಲೆ ವೃತ್ತಾಕಾರವಾಗಿ ನಡೆಯುತ್ತಿದ್ದುದನ್ನು ಕಂಡು ನನಗೆ ಸ್ವಲ್ಪ ಮತ್ಸರವೇ ಆಯಿತೆಂದು ಹೇಳಬೇಕು.

ಸೂರ್ಯಕಾಂತಿಯು ಪ್ರಾಯಶಃ ತನ್ನದೇ ಪರಾಗವನ್ನು ಒಪ್ಪದು. ಬೇರೆ ಗಿಡದ ಪರಾಗ ಬಾರದಿದ್ದರೆ ಕಾಳು ಜೊಳ್ಳಾಗುತ್ತದೆ. ಜೇನು ಸಾಲದಾದಾಗ ಮನುಷ್ಯನೇ ಆ ಕೆಲಸಕ್ಕೆ ಇಳಿಯಬೇಕು. ಹೊಲದ ಒಂದು ಮೂಲೆಯಲ್ಲಿ ರೈತನ ಹೆಂಡತಿಯು ಅಂಗೈಗೆ ಹಳೆಯ ಹತ್ತಿಬಟ್ಟೆಯನ್ನು ಸುತ್ತಿಕೊಂಡು, ಒಂದು ತೆನೆಯ ಮೇಲೆ ಮೆಲ್ಲಗೆ ಸವರಿ, ಅದೇ ಕೈಯಿಂದ ಮುಂದಿನದನ್ನು ಸವರುತ್ತ, ಸಾಲು ಹಿಡಿದು ಬರುತ್ತಿದ್ದಳು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹನ್ನೊಂದು ಗಂಟೆಯೊಳಗೆ, ದಿನ ಬಿಟ್ಟು ದಿನ, ಹೂ ಬಿರಿಯುವಷ್ಟು ಕಾಲವೂ ಇದನ್ನು ಮಾಡಿದರೆ ಕಾಳು ಗಟ್ಟಿಯಾಗುತ್ತದೆಂದು ತಿಳಿದವರು ಹೇಳುತ್ತಾರೆ. ನನ್ನವಳು ಬಹಳ ಹೊತ್ತು ಅವಳನ್ನೇ ನೋಡುತ್ತ ನಿಂತಿದ್ದು, ಕಡೆಗೆ ತಾನೂ ಸೆರಗಿನ ತುದಿಯಿಂದ ಹತ್ತಿಪ್ಪತ್ತು ತೆನೆಗಳನ್ನು ಸವರಿ ಬಂದಳು. ಆ ಸೀರೆಯ ಕಲೆ ಇನ್ನೂ ಹೋಗಿಲ್ಲ.

ಇಷ್ಟು ಚಿರಪರಿಚಿತವಾಗಿ ಕಾಣುವ ಈ ಬೆಳೆಯು ನಮ್ಮ ದೇಶಕ್ಕೆ ಬಂದು ಅರವತ್ತು ವರ್ಷವೂ ತುಂಬಿಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳು ಪಳಗಿಸಿದ ಗಿಡವನ್ನು ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಯುರೋಪಿಗೆ ಒಯ್ದು ಉದ್ಯಾನಗಳಲ್ಲಿ ಬೆಳೆಸಿದರು. ಎಣ್ಣೆಯ ಬೆಳೆಯಾಗಿ ಅದನ್ನು ಬೃಹತ್ತಾಗಿ ಬೆಳೆದವರು ರಷ್ಯನ್ನರು. ಸೋವಿಯತ್ ತಳಿಗಳು 1969ರಲ್ಲಿ ಭಾರತಕ್ಕೆ ಬಂದವು. ದೇಶದ ಮೊದಲ ಸೂರ್ಯಕಾಂತಿ ಸಂಕರ ತಳಿಯಾದ ಬಿಎಸ್‌ಎಚ್-1 ಎಂಬುದು 1980ರಲ್ಲಿ ಹೊರಬಂದದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಎಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬಹುದು, ಆದರೆ ನೆನೆಯುವುದಿಲ್ಲ. 1990ರ ದಶಕದ ಪೂರ್ವಾರ್ಧದಲ್ಲಿ ದೇಶದಲ್ಲಿ 25 ಲಕ್ಷ ಹೆಕ್ಟೇರನ್ನು ಮೀರಿ ಹರಡಿ, ಕರ್ನಾಟಕವನ್ನು ಮೊದಲ ಸ್ಥಾನದಲ್ಲಿ ನಿಲ್ಲಿಸಿದ್ದ ಈ ಬೆಳೆ ಈಚೆಗೆ ಅದರ ಹತ್ತನೆಯ ಒಂದು ಪಾಲಿನ ಆಸುಪಾಸಿಗೆ ಇಳಿದಿದೆ. 1997ರಲ್ಲಿ ಬಾಗೇಪಲ್ಲಿಯ ಕಡೆ ಮೊದಲಿಗೆ ಕಂಡ ನೆಕ್ರೋಸಿಸ್ ಎಂಬ ನಂಜುರೋಗ, ಹೊರದೇಶದ ಅಗ್ಗದ ಎಣ್ಣೆ, ಹಿಂಡು ಹಿಂಡಾಗಿ ಬೀಳುವ ಗಿಳಿಗಳು, ಮುಸುಕಿನ ಜೋಳದ ಆಕರ್ಷಣೆ, ಇವೆಲ್ಲವೂ ಸೇರಿ ರೈತನನ್ನು ಹಿಮ್ಮೆಟ್ಟಿಸಿದವು. ಸುಳ್ಯದ ಅಂಗಡಿಯ ಪ್ಯಾಕೆಟ್ಟಿನಲ್ಲಿರುವ ಎಣ್ಣೆಯ ಬಹುಭಾಗವು ಯುಕ್ರೇನ್, ರಷ್ಯಾಗಳಿಂದ ಹಡಗೇರಿ ಬರುವುದೆಂಬುದು ನಮಗೆ ತಿಳಿದದ್ದು 2022ರಲ್ಲಿ ಅಲ್ಲಿ ಯುದ್ಧ ಹತ್ತಿ ಬೆಲೆ ಏರಿದಾಗ. ತೆಂಗಿನೆಣ್ಣೆಯನ್ನು ಬಿಟ್ಟುಕೊಡದ ನನ್ನ ಮನೆಯವಳು ಆ ದಿನಗಳಲ್ಲಿ ಸೊಸೆಯ ಮುಂದೆ ಗೆದ್ದವಳಂತೆ ಓಡಾಡಿದ್ದಳು.

ಗುಂಡ್ಲುಪೇಟೆಯಲ್ಲಿಯೂ ಸೂರ್ಯಕಾಂತಿಗೆ ಚೆಂಡುಹೂವು ಪ್ರತಿಸ್ಪರ್ಧಿ. ಅದನ್ನು ಬಣ್ಣದ ಸಾರ ತೆಗೆಯುವ ಕಾರ್ಖಾನೆಗಳು ಮುಂಗಡ ಒಪ್ಪಂದದ ಮೇಲೆ ಬೆಳೆಸುತ್ತವೆ. ಪ್ರವಾಸಿಗಳಿಗೆ ಇದೂ ಒಂದು ನೋಟ. ಮಧ್ಯಾಹ್ನ ನಾವು ಹಂಗಳದ ದಾರಿಯಲ್ಲಿ ಹೋಗಿ ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನೂ ಹತ್ತಿ ಬಂದೆವು. ಸ್ವಂತ ವಾಹನಕ್ಕೆ ಅಲ್ಲಿ ಪ್ರವೇಶವಿಲ್ಲ, ತಪ್ಪಲಿನಿಂದ ಸರ್ಕಾರಿ ಬಸ್ಸಿದೆ. ಆ ವರ್ಣನೆ ಇಲ್ಲಿಗೆ ಬೇಡ.

ಆ ಹೊಲದಿಂದ ಹೊರಡುವ ಮುನ್ನ ರೈತನೊಡನೆ ಆಡಿದ ಮಾತನ್ನು ಹೇಳಬೇಕು. ಹೂವು ಹೀಗೆ ಎಷ್ಟು ದಿನ ಇರುತ್ತದೆಂದು ಮಗನು ಕೇಳಿದಾಗ, "ಇನ್ನೆಂಟ್ ದಿಸ ಸಾ. ಆಮೇಕ ಎದುರ್ಗಡೆ ಹೊಲಕ್ಕೂ ಯಾರೂ ಬರಲ್ಲ. ನಮ್ ಕೆಲ್ಸ ಸುರುವಾಗದೇ ಅವಾಗ" ಎಂದನು. ಎಸಳು ಉದುರಿ, ತೆನೆ ಭಾರವಾಗಿ, ತಲೆ ನೆಲದ ಕಡೆಗೆ ಬಾಗುತ್ತದೆ. ಆಗ ರೈತನು ನೋಡುವುದು ತೆನೆಯ ಮುಖವನ್ನಲ್ಲ, ಬೆನ್ನನ್ನು. ಹಸುರಾಗಿದ್ದ ಬೆನ್ನು ನಿಂಬೆಹಣ್ಣಿನ ಹಳದಿಗೆ ತಿರುಗಿದರೆ ಕೊಯ್ಲಿನ ಕಾಲ ಬಂದಿತೆಂದು ಅರ್ಥ. ಬಿತ್ತಿದಂದಿನಿಂದ ಸುಮಾರು ತೊಂಬತ್ತು ದಿನ. ಆ ನಡುವಿನ ಮೂರು ನಾಲ್ಕು ವಾರ ಗಿಳಿಗಳೊಡನೆ ಯುದ್ಧ. ಬೆಳಗು ಬೈಗು ಡಬ್ಬ ಬಡಿಯುವುದು, ಪಟಾಕಿ ಹಚ್ಚುವುದು. ಒಂದು ಮೂಲೆಯಲ್ಲಿ ಮೊದಲೇ ಬಿತ್ತಿ ಮಾಗಿದ್ದ ಕೆಲವು ಗಿಡಗಳಿದ್ದವು. ಅವುಗಳಲ್ಲಿ ಒಂದರ ಬಾಗಿದ ತಲೆಯನ್ನು ಎತ್ತಿ, ಬೆನ್ನನ್ನು ಮೊಮ್ಮಗಳಿಗೆ ತೋರಿಸಿ, ಕೊಯ್ದು ಅವಳ ಕೈಗಿತ್ತನು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. "ಬಿತ್ತುದ್ರ ಒಂದೇ ಸಮ ಬರಲ್ಲ ಕಣವ್ವ, ಹೈಬ್ರೀಡು" ಎಂದು ಅವಳಿಗೆ ಮಾತ್ರ ಎಚ್ಚರಿಕೆ ಕೊಟ್ಟನು.

ಆ ರಾತ್ರಿ ಸಂಪಾಜೆಯಲ್ಲಿ ಮಳೆ ನಮ್ಮನ್ನು ಕಾದಿದ್ದು ಮನೆಯವರೆಗೂ ಜೊತೆಗೆ ಬಂದಿತು. ತೆನೆಯನ್ನು ಅಟ್ಟದಲ್ಲಿ ಅಡಿಕೆಯ ಗೋಣಿಗಳ ಮೇಲೆ ಒಣಗಿಸಿಟ್ಟೆವು. ಕಾರ್ತಿಕದಲ್ಲಿ ಮಳೆ ನಿಂತ ಮೇಲೆ ಮೊಮ್ಮಗಳು ಅಂಗಳದ ಮೂಡು ಅಂಚಿನಲ್ಲಿ, ಜೇನುಪೆಟ್ಟಿಗೆಗಳ ಹತ್ತಿರ, ಹನ್ನೆರಡು ಕಾಳುಗಳನ್ನು ಊರಿದಳು. ಐದು ಮೊಳೆತವು, ಆ ರೈತ ಹೇಳಿದಂತೆಯೇ ಒಂದು ನನ್ನ ಸೊಂಟದವರೆಗೆ, ಒಂದು ತಲೆಯಿಂದ ಮೇಲಕ್ಕೆ, ಉಳಿದವು ತಮತಮಗೆ ತೋಚಿದಷ್ಟು ಬೆಳೆದವು. ಹೂವು ಮೂಡಣಕ್ಕೆ ತಿರುಗಿ ನಿಂತುದರಿಂದ ಜಗಲಿಯಲ್ಲಿ ಕುಳಿತ ನಮಗೆ ಕಾಣುವುದು ಬೆನ್ನು ಮಾತ್ರ. ತುಡುವೆಗಳಿಗೆ ಮುಖ ಸಿಕ್ಕಿತು. ಶಾಲೆಗೆ ಹೋಗುವ ಮೊದಲು ಅವಳು ದಿನವೂ ಒಂದು ಸಲ ಹೋಗಿ, ತುದಿಗಾಲಿನಲ್ಲಿ ನಿಂತು, "ಇನ್ನೂ ಹಸುರೇ ಉಂಟು ಅಜ್ಜಾ" ಎಂದು ವರದಿ ಒಪ್ಪಿಸುತ್ತಿದ್ದಳು. ನಿನ್ನೆ ಬೆಳಿಗ್ಗೆ ಎತ್ತರದ ಗಿಡದ ಮೇಲೆ ಒಂದು ಗಿಳಿ ಕುಳಿತಿತ್ತು. ಅವಳೀಗ ಡಬ್ಬವನ್ನು ಹುಡುಕುತ್ತಿದ್ದಾಳೆ.