ಚೇಂಬರಿನ ಜ್ವರ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆ ಡೀಸೆಲ್ ಎಂಜಿನ್ನಿಗೆ ನಿಜವಾದ ಕಷ್ಟ ಓಡುವಾಗ ಅಲ್ಲ, ನಿಂತಲ್ಲೇ ದುಡಿಯುವಾಗ. ಬೋರ್‌ವೆಲ್ ಲಾರಿಯ ಕಂಪ್ರೆಸರ್ ಎಂಜಿನ್ ಬಂಡೆ ಕೊರೆಯುತ್ತಾ ಗಂಟೆಗಟ್ಟಲೆ ಪೂರ್ತಿ ಲೋಡಿನಲ್ಲಿರುತ್ತದೆ. ಟ್ರ್ಯಾಕ್ಟರ್ ಹೊಲದಲ್ಲಿ ನಿಂತು ಕಡಲೆಕಾಯಿ ಬಿಡಿಸುವ ಯಂತ್ರ ತಿರುಗಿಸುತ್ತದೆ. ಎದುರುಗಾಳಿಯಿಲ್ಲ, ರೇಡಿಯೇಟರಿನ ಜಾಲರಿಗೆಲ್ಲ ದೂಳು, ಹೊಟ್ಟು. ಡ್ರೈವರ್ ನೋಡುವುದು ನೀರಿನ ಮುಳ್ಳನ್ನು ಮಾತ್ರ. ನೀರಿನ ಬಿಸಿಯನ್ನು ಹದದಲ್ಲಿಡಲು ಥರ್ಮೋಸ್ಟಾಟ್ ಇದೆ. ಎಷ್ಟೋ ಎಂಜಿನ್‌ಗಳಲ್ಲಿ ಆಯಿಲ್‌ಗೆ ಅಂಥ ಕಾವಲಿಲ್ಲ. ನೀರು 90 ಡಿಗ್ರಿಯಲ್ಲೇ ಇದ್ದರೂ ಆಯಿಲ್ 110 ದಾಟಿರಬಹುದು. ನೀರು ಸೋರಿ ಖಾಲಿಯಾದರಂತೂ ಸೆನ್ಸರ್ ಬರೀ ಆವಿಯಲ್ಲಿ ನಿಂತು, ಎಂಜಿನ್ ಸುಡುತ್ತಿರುವಾಗಲೇ ಮುಳ್ಳು ಕೆಳಗಿಳಿಯುವುದುಂಟು.

ಹಾಗಾದರೆ ಆಯಿಲ್‌ನ ಬಿಸಿಯನ್ನು ಎಲ್ಲಿ ಅಳೆಯಬೇಕು? ಮೆಕ್ಯಾನಿಕ್‌ಗಳು ಚೇಂಬರ್ ಎನ್ನುವ, ಎಂಜಿನ್ನಿನ ತಳದ ತೊಟ್ಟಿಯಲ್ಲಿ ಎಂಬುದು ನನ್ನ ವಾದ. ಪಂಪು ಅಲ್ಲಿಂದ ಎಳೆದ ಆಯಿಲ್ ಕೂಲರ್, ಫಿಲ್ಟರ್ ಹಾದು ಮುಖ್ಯ ನಾಳಕ್ಕೆ ಬರುತ್ತದೆ. ಅಲ್ಲಿಂದ ಬೇರಿಂಗುಗಳಿಗೆ ಹರಡಿ, ಪಿಸ್ಟನ್ನಿನ ತಳದ ಕಾವನ್ನೂ ಹೊತ್ತು ಮತ್ತೆ ಚೇಂಬರಿಗೇ ಸುರಿಯುತ್ತದೆ. ಲೋಡು ಹೆಚ್ಚಾದರೂ, ಕೂಲರ್ ಕಟ್ಟಿದರೂ, ಆಯಿಲ್ ಕಡಿಮೆಯಾದರೂ ಎಲ್ಲದರ ಲೆಕ್ಕ ಕೊನೆಗೆ ಅಲ್ಲಿಗೇ ಬಂದು ಸೇರುತ್ತದೆ.

ಬೇರಿಂಗಿಗೆ ಹೋಗುವ ಆಯಿಲ್ ತಾನೇ ಮುಖ್ಯ, ನಾಳದಲ್ಲೇ ಅಳೆಯಬಾರದೇ ಎಂಬ ಆಕ್ಷೇಪ ತೆಗೆದುಹಾಕುವಂಥದ್ದಲ್ಲ. ಕೂಲರ್ ಇರುವ ದೊಡ್ಡ ಎಂಜಿನ್ನಿನಲ್ಲಿ ಎರಡೂ ಕಡೆ ಅಳೆಯುವುದು ಒಳ್ಳೆಯದೇ. ಎರಡರ ಅಂತರ ಕೂಲರಿನ ಆರೋಗ್ಯ ಹೇಳುತ್ತದೆ. ಆದರೆ ಕೂಲರ್ ಇಲ್ಲದ ಟ್ರ್ಯಾಕ್ಟರಿನಲ್ಲಿ ನಾಳದ ಬಿಸಿಗೂ ಚೇಂಬರಿನ ಬಿಸಿಗೂ ಹೆಚ್ಚು ವ್ಯತ್ಯಾಸವಿಲ್ಲ. ಮೇಲಾಗಿ, ನಾಳದಲ್ಲಿ ಅಳೆಯುತ್ತೇವೆಂದು ಹೊರಟವರು ಸಾಮಾನ್ಯವಾಗಿ ಮಾಡುವುದು ಆಯಿಲ್ ಪ್ರೆಶರ್ ಸ್ವಿಚ್ ಬಿಚ್ಚಿ, ಅಲ್ಲಿಗೆ ಒಂದು ‘ಟೀ’ ಹಾಕಿ, ಅದರ ಕವಲಿಗೆ ಸೆನ್ಸರ್ ಬಿಗಿಯುವುದು. ಒತ್ತಡವೇನೋ ಆ ಕವಲಿಗೂ ಮುಟ್ಟುತ್ತದೆ, ಹರಿವು ಮುಟ್ಟುವುದಿಲ್ಲ. ನಿಂತ ಆಯಿಲ್ ಹೊರಗಿನ ಗಾಳಿಗೆ ಆರುತ್ತಾ ಸುಳ್ಳು ಸಮಾಧಾನ ಹೇಳುತ್ತದೆ. ಪ್ರೆಶರ್ ಮೀಟರ್ ಸಾಲದೇ ಎಂದರೆ, ಅದು ತಡವಾಗಿ ಮಾತಾಡುವ ಸಾಕ್ಷಿ. ಆಯಿಲ್ ಕಾದು ತೆಳ್ಳಗಾದ ಮೇಲೆ ಒತ್ತಡ ಇಳಿಯುತ್ತದೆ, ನಿಜ. ಬೇರಿಂಗ್ ಸವೆದರೂ ಇಳಿಯುತ್ತದೆ. ಯಾವುದರಿಂದ ಇಳಿಯಿತೆಂದು ಮುಳ್ಳು ಬಿಡಿಸಿ ಹೇಳುವುದಿಲ್ಲ.

ಚೇಂಬರಿನಲ್ಲೂ ಕಂಡಕಂಡಲ್ಲಿ ತೂತು ಕೊರೆಯುವಂತಿಲ್ಲ. ಡ್ರೈನ್ ಬೋಲ್ಟಿನ ಜಾಗಕ್ಕೆ ಸೆನ್ಸರ್ ಹಾಕುವುದು ಸುಲಭ, ಆದರೆ ತಳದಲ್ಲಿ ಜೋತರೆ ಕಲ್ಲಿಗೆ ಸಿಕ್ಕಿ ಆಯಿಲ್ ಪೂರ್ತಿ ಸೋರಿಹೋದೀತು. ಪಕ್ಕದ ಗೋಡೆಯಲ್ಲಿ, ಡಿಪ್‌ಸ್ಟಿಕ್ಕಿನ ಕನಿಷ್ಠ ಗೆರೆಗಿಂತ ಕೆಳಗೆ, ಪಂಪು ಎಳೆಯುವ ಬಾಯಿಯ ಹತ್ತಿರವಾದರೆ ಒಳ್ಳೆಯದು. ತುದಿ ಗೋಡೆಗೆ ಅಂಟಿಕೊಳ್ಳದೆ ಹರಿಯುವ ಆಯಿಲ್‌ನಲ್ಲಿ ಮುಳುಗಿರಬೇಕು, ಕ್ರ್ಯಾಂಕಿಗೂ ತಾಗಬಾರದು. ಒಂದೇ ತಂತಿಯ ಸೆನ್ಸರಿಗೆ ಅದರ ಮೈಯೇ ಅರ್ಥ್ ಆದ್ದರಿಂದ ಥ್ರೆಡ್ಡಿಗೆ ದಪ್ಪನೆ ಟೇಪು ಸುತ್ತಿದರೆ ಮೀಟರ್ ತಪ್ಪು ತೋರಿಸುತ್ತದೆ. ಬಿಗಿಯುವ ಮೊದಲು ಮೀಟರಿಗೆ ತಂತಿ ಜೋಡಿಸಿ, ಸೆನ್ಸರಿನ ಮೈಗೆ ಅರ್ಥ್ ಕೊಟ್ಟು, ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ನೋಡಬೇಕು. ಈ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 600ರಿಂದ 800 ಮೀಟರ್ ಎತ್ತರದಲ್ಲಿರುವುದರಿಂದ ನೀರು ಕುದಿಯುವುದು 98 ಡಿಗ್ರಿಯ ಆಸುಪಾಸಿನಲ್ಲಿ. ಮುಳ್ಳು 88 ತೋರಿಸಿದರೆ ಆ ಹತ್ತು ಡಿಗ್ರಿಯ ಸುಳ್ಳನ್ನು ಮೀಟರಿನ ಪಕ್ಕದಲ್ಲೇ ಪೇಂಟಿನಲ್ಲಿ ಬರೆದಿಡುವುದು ವಾಸಿ.