ನೆರಳು ಕುಡಿಯುವ ಊರು

ಇಟಲಿಯ ವೆನಿಸ್ ನಗರದಲ್ಲಿ ಯಾರಾದರೂ ‘ಒಂದು ನೆರಳು ಕುಡಿಯೋಣ ಬನ್ನಿ’ ಎಂದರೆ ಬೆಚ್ಚಬೇಕಾಗಿಲ್ಲ. ‘ಓಂಬ್ರ’ ಎಂದರೆ ನೆರಳು. ಅಲ್ಲಿ ಅದು ಸಣ್ಣ ಲೋಟದ ದ್ರಾಕ್ಷಾಮದ್ಯಕ್ಕೂ ಹೆಸರು. ಸಂತ ಮಾರ್ಕನ ಚೌಕದಲ್ಲಿ ಮದ್ಯ ಮಾರುವವರು, ಸರಕು ತಂಪಾಗಿರಲೆಂದು, ಗಂಟೆಗೋಪುರದ ನೆರಳು ಸರಿದಂತೆಲ್ಲ ತಾವೂ ಸರಿಯುತ್ತಿದ್ದರಂತೆ. ಕತೆ ಎಷ್ಟು ನಿಜವೋ, ಹೆಸರಂತೂ ನಿಂತಿದೆ.

ಈ ಲೋಟ ದೊರೆಯುವುದು ಓಣಿಗಳಲ್ಲಿರುವ ‘ಬಾಕರೊ’ ಎಂಬ ಇಕ್ಕಟ್ಟಾದ ಅಂಗಡಿಗಳಲ್ಲಿ. ನಿಂತೇ ಕುಡಿದು, ‘ಚಿಕೆಟ್ಟಿ’ ಎಂಬ ಒಂದೆರಡು ತುತ್ತಿನ ತಿನಿಸು ತಿಂದು, ಮುಂದಿನ ಅಂಗಡಿಗೆ ನಡೆಯುವುದು ವಾಡಿಕೆ. ಹೀಗೆ ನಾಲ್ಕು ಕಡೆ ಸುತ್ತಿದರೆ ಊಟವಾಯಿತು!

ತಿನಿಸುಗಳಲ್ಲಿ ಸಮುದ್ರದ್ದೇ ಮೇಲುಗೈ. ನಮ್ಮ ಕರಾವಳಿಯ ಬೂತಾಯಿಯ ಬಳಗದ ಮೀನನ್ನು ಕರಿದು, ಬಾಡಿಸಿದ ಈರುಳ್ಳಿ, ವಿನಿಗರ್, ಒಣದ್ರಾಕ್ಷಿಗಳ ನಡುವೆ ಒಂದೆರಡು ದಿನ ಇಡುತ್ತಾರೆ. ಹಡಗಿನಲ್ಲಿ ಮೀನು ಕೆಡದಿರಲೆಂದು ಹೂಡಿದ ಉಪಾಯವಿದು. ಇಂದು ರುಚಿಗೆಂದೇ ಉಳಿದಿದೆ. ಇನ್ನೊಂದು, ನಾರ್ವೆಯಿಂದ ಬರುವ ಕಾಡ್ ಮೀನು. ಕಟ್ಟಿಗೆಯಂತೆ ಒಣಗಿದ ಅದನ್ನು ನೆನೆಹಾಕಿ, ಬೇಯಿಸಿ, ಎಣ್ಣೆ ಹನಿಸುತ್ತ ಬೆಣ್ಣೆಯಂತಾಗುವವರೆಗೆ ಕಡೆಯುತ್ತಾರೆ. 1431ರಲ್ಲಿ ಹೊರಟು, ಬಿರುಗಾಳಿಗೆ ಸಿಕ್ಕಿ ನಾರ್ವೆಯ ದ್ವೀಪ ಸೇರಿದ ವೆನಿಸ್ಸಿನ ಪಿಯೆತ್ರೊ ಕ್ವೆರಿನಿ ಇದನ್ನು ತಂದನೆನ್ನುವರು.

ಇಂಥ ಅಂಗಡಿಯ ಜೀವ ಅಕ್ಕಪಕ್ಕದ ಓಣಿಯ ಜನ. 1951ರಲ್ಲಿ ಹಳೆಯ ವೆನಿಸ್ಸಿನಲ್ಲಿ ಸುಮಾರು 1,75,000 ನಿವಾಸಿಗಳಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಎಷ್ಟೋ ಮನೆಗಳು ಪ್ರವಾಸಿಗರ ಬಿಡಾರಗಳಾಗಿವೆ. ಸಂಜೆ ಬಾಕರೊ ಮುಂದೆ ಈಗಲೂ ಜನ ಕಿಕ್ಕಿರಿಯುತ್ತಾರೆ. ಅವರಲ್ಲಿ ಮಾಲಿಕನು ಹೆಸರು ಹಿಡಿದು ಕರೆಯಬಲ್ಲವರು ಎಷ್ಟು ಮಂದಿ ಎಂಬುದು ಬೇರೆ ಮಾತು.